ಮೊದಲು ಕ್ರೀಡಾಂಗಣ, ಆಮೇಲೆ ಮನೆ

ಓದುಗರ ಪತ್ರ: ‘ಎಲ್ಲೇ ದೊಡ್ಡ ಯೋಜನೆ ಬರಲಿ, ಅಲ್ಲಿನ ಜನ ಕಡಿಮೆ ಬಾಡಿಗೆಯ ಮನೆ ಕೊಡಿ ಎಂದು ಅಡ್ಡಗಾಲು ಹಾಕುತ್ತಾರೆ. ಸುಮ್ನೆ ಕಟ್ಟಲು ಬಿಡಬಾರದೇ? ಮನೆ ಜಾಸ್ತಿಯಾದರೆ ಬಾಡಿಗೆ ತಾನಾಗಿಯೇ ಇಳಿಯುತ್ತದೆ ಅಲ್ವಾ?’

ಸಂಪಾದಕರ ಉತ್ತರ: ಮನೆ ಕಡಿಮೆ, ಜನ ಜಾಸ್ತಿ ಆದರೆ ಬಾಡಿಗೆ ಏರುತ್ತದೆ. ಕಟ್ಟಲೇಬೇಕು, ಒಪ್ಪಿದೆ. ನಿಮ್ಮ ಅಕ್ಷರವೂ ಮುತ್ತಿನಂತಿದೆ. ಇಷ್ಟು ಹೇಳಿ ಜಗಳಕ್ಕೆ ಇಳಿಯುತ್ತೇನೆ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2003ರಲ್ಲಿ ಅಟ್ಲಾಂಟಿಕ್ ಯಾರ್ಡ್ಸ್ ಎಂಬ ಯೋಜನೆ ಘೋಷಣೆಯಾಯಿತು. ಬಾಸ್ಕೆಟ್‌ಬಾಲ್ ಕ್ರೀಡಾಂಗಣ, ಸುತ್ತ ಎತ್ತರದ ಕಟ್ಟಡಗಳು. ಅದಕ್ಕಾಗಿ ಮನೆ ಕಳೆದುಕೊಳ್ಳುವವರು ವಿರೋಧಿಸಿದರು. ಬೇರೆ ಕೆಲವು ಸಂಘಟನೆಗಳು 2005ರಲ್ಲಿ ಬಿಲ್ಡರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವು. ಕೈಗೆಟುಕುವ ಬಾಡಿಗೆಯ 2,250 ಮನೆಗಳ ಮಾತು ಸಿಕ್ಕಿತ್ತು. ಕ್ರೀಡಾಂಗಣ 2012ರಲ್ಲೇ ಬಾಗಿಲು ತೆರೆಯಿತು. ಮನೆಗಳು? ಅವಕ್ಕೆ 2035ರವರೆಗೂ ಸಮಯವಿತ್ತು! ಸ್ಥಳೀಯರು ಕೋರ್ಟಿಗೆ ಹೋಗುತ್ತೇವೆ ಎಂದು ಪಟ್ಟು ಹಿಡಿದ ಮೇಲೆ, 2014ರಲ್ಲಿ, ಗಡುವು 2025ಕ್ಕೆ ಬಂತು. ನೀವು ಹೇಳುವ ಅಡ್ಡಗಾಲು ಹತ್ತು ವರ್ಷ ಉಳಿಸಿತು ನೋಡಿ.

ಉಳಿಸಿತು ಅಂದೆನಲ್ಲ, ಕಾಗದದ ಮೇಲೆ. ಗಡುವು ತಪ್ಪಿದರೆ ಮನೆಯೊಂದಕ್ಕೆ ತಿಂಗಳಿಗೆ 2,000 ಡಾಲರ್ ದಂಡ ಎಂದಿತ್ತು. 2025ರ ಮೇ ಮುಗಿದಾಗ 800ಕ್ಕೂ ಜಾಸ್ತಿ ಮನೆ ಬಾಕಿ. ಸರ್ಕಾರ ದಂಡ ವಸೂಲಿಗೆ ಹೊರಡಲಿಲ್ಲ. ಕಟ್ಟಿದ ಮನೆಗಳಲ್ಲೂ ಎಷ್ಟೋ ಮನೆ ಆ ಭಾಗದ ನಡುಮಟ್ಟದ ಆದಾಯಕ್ಕಿಂತ ಜಾಸ್ತಿ ಗಳಿಸುವವರಿಗೆ. ಕೈಗೆಟುಕುವ ಮನೆ ಸರಿ, ಯಾರ ಕೈಗೆ?

ಮುಂಬೈ ಇನ್ನೂ ಹತ್ತಿರದ ಕಥೆ. 1991ರ ನಿಯಮದ ಪ್ರಕಾರ ಬಟ್ಟೆ ಗಿರಣಿಯ ಜಾಗ ಬೇರೆ ಕೆಲಸಕ್ಕೆ ಹೋದರೆ ಮೂರು ಪಾಲು: ಒಂದು ಊರಿನ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕನಿಗೆ. 2001ರಲ್ಲಿ ನಿಯಮ ತಿದ್ದಿದರು. ಆಗಲೇ ಖಾಲಿ ಬಿದ್ದಿರುವ ಜಾಗ ಮಾತ್ರ ಲೆಕ್ಕ, ಕಟ್ಟಡ ಕೆಡವಿ ಖಾಲಿಯಾದದ್ದು ಅಲ್ಲ! ಗಿರಣಿ ಎಂದರೆ ಬಹುಪಾಲು ಕಟ್ಟಡವೇ. ಬಾಂಬೆ ಹೈಕೋರ್ಟ್ 2005ರಲ್ಲಿ ಹಳೆಯ ಅರ್ಥವೇ ಸರಿ ಎಂದಿತು, 2006ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹಳೆಯ ನಿಯಮಕ್ಕೆ ಮಾಲೀಕರು ಮುಂದೆ ಬರುತ್ತಿರಲಿಲ್ಲ ಎಂಬ ವಾದವಿತ್ತು. ಅದು ನಿಜವೇ. ಆದರೆ ಬರಲಿ ಎಂದು ಬಿಟ್ಟುಕೊಟ್ಟದ್ದು ಯಾರ ಪಾಲು?

ನನ್ನದೂ ಒಂದಿದೆ. ನಾನು ಬಾಡಿಗೆಗಿದ್ದ ಕಟ್ಟಡ ಕೆಡವುವಾಗ ಮಾಲೀಕರು ಪ್ರೀತಿಯಿಂದಲೇ ಹೇಳಿದರು, ‘ಹೊಸದರಲ್ಲಿ ಮೊದಲ ಮನೆ ನಿಮಗೇ’. ಮೊದಲು ಬಂದದ್ದು ಕೆಳಗಿನ ಅಂಗಡಿಗಳು. ಆಮೇಲೆ ಮೇಲಿನ ಮನೆಗಳು ಬಂದವು, ಹಳೆಯ ಬಾಡಿಗೆಯ ಮೂರು ಪಟ್ಟಿಗೆ. ಅವರು ಸುಳ್ಳು ಹೇಳಿರಲಿಲ್ಲ, ಮೊದಲ ಮನೆಯನ್ನು ನನಗೇ ತೋರಿಸಿದರು.

ನಮ್ಮ ಕಸುಬಿನವರದ್ದೂ ತಪ್ಪಿದೆ. ಶಂಕುಸ್ಥಾಪನೆಗೆ ಮುಖಪುಟ, ಬಿಲ್ಡರ್ ಜಾಹೀರಾತಿಗೆ ಇಡೀ ಪುಟ. ಮನೆ ಕೇಳುವವರಿಗೆ ಒಳಪುಟದ ಮೂಲೆ, ಅದೂ ಟ್ರಾಫಿಕ್ ಜಾಮ್ ಸುದ್ದಿಯ ಜೊತೆ. ಅವರು ರಸ್ತೆಗೆ ಬಂದರೆ ಮಾತ್ರ ನಮಗೆ ಕಾಣುತ್ತಾರೆ. ಬಂದಾಗ ‘ಅಡ್ಡಗಾಲು’ ಅನ್ನುತ್ತೇವೆ. ನಿಮಗೆ ಆ ಪದ ಕಲಿಸಿದವರು ನಾವೇ ಇರಬೇಕು.

ನಿಮಗೆ ಒಂದು ಕೆಲಸ ಕೊಡುತ್ತೇನೆ. ನೀವು ಮೆಚ್ಚುವ ಯಾವುದೇ ಯೋಜನೆಯ ಕರಾರು ತೆಗೆದು ನೋಡಿ. ಮಾಲ್, ಕ್ರೀಡಾಂಗಣ ತೆರೆಯುವ ಮೊದಲೇ ಬಡವರ ಮನೆ ಮುಗಿದಿರಬೇಕು ಎಂಬ ಸಾಲು ಸಿಕ್ಕರೆ ಬರೆದು ಕಳಿಸಿ. ಜಾಹೀರಾತು ತೆಗೆದಾದರೂ ಅಚ್ಚು ಹಾಕುತ್ತೇನೆ.