ರಿಪೇರಿ ಕಟ್ಟೆ: 'ಮುಸ್ತಫಾ' ಪೆಟ್ಟಿಗೆಯ ಟ್ಯೂಬ್ ಕೀಳಬೇಡಿ

ಪ್ರಶ್ನೆ: ನಮ್ಮ ಮಾವನವರ ವಿಡಿಯೋ ಗೇಮ್ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಗೋಡೌನಿನಲ್ಲಿ ಒಂದು 'ಮುಸ್ತಫಾ' ಗೇಮ್ ಪೆಟ್ಟಿಗೆ ಉಳಿದಿದೆ. ಮೊನ್ನೆ ಆನ್ ಮಾಡಿದೆವು. ಕಾಯಿನ್ ಹಾಕಿದರೆ ಸದ್ದು ಬರುತ್ತದೆ, ಹೊಡೆದಾಟದ ಸದ್ದೂ ಕೇಳುತ್ತದೆ. ಆದರೆ ಪರದೆಯ ಮಧ್ಯೆ ಅಡ್ಡಕ್ಕೆ ಒಂದೇ ಬಿಳಿ ಗೆರೆ. ಪಿಕ್ಚರ್ ಟ್ಯೂಬ್ ತೆಗೆದು ಎಲ್‌ಸಿಡಿ, ಸಾವಿರ ಗೇಮಿನ ಹೊಸ ಬೋರ್ಡ್ ಹಾಕೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಬಹುದಾ ಸರ್?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ನಿಮ್ಮ ಪೆಟ್ಟಿಗೆ ಬಹುಪಾಲು ಚೆನ್ನಾಗಿಯೇ ಇದೆ. ಅದನ್ನು ನೀವೇ ಬರೆದಿದ್ದೀರಿ, ನೋಡಿ. ಕಾಯಿನ್ ಸದ್ದು, ಹೊಡೆದಾಟದ ಸದ್ದು ಬರುತ್ತಿದೆ ಅಂದರೆ ಗೇಮ್ ಬೋರ್ಡಿಗೆ ಜೀವ ಇದೆ. ಗೆರೆ ಬೆಳಗುತ್ತಿದೆ ಅಂದರೆ ಟ್ಯೂಬಿಗೂ ಜೀವ ಇದೆ, ಅದಕ್ಕೆ ಬೇಕಾದ ಭಾರೀ ವೋಲ್ಟೇಜ್ (ಇ.ಎಚ್.ಟಿ.) ಕೂಡ ಬರುತ್ತಿದೆ. ಕೆಟ್ಟಿರುವುದು ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಭಾಗ ಮಾತ್ರ. ಹಳೆ ಟಿವಿಗಳಲ್ಲಿ ತೀರಾ ಸಾಮಾನ್ಯವಾಗಿದ್ದ ತೊಂದರೆ ಇದು. ನಿಮ್ಮೂರಲ್ಲಿ ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ ಯಾರನ್ನಾದರೂ ಹುಡುಕಿ, ಗೆರೆ ನೋಡಿದ ಕೂಡಲೇ ಹೇಳುತ್ತಾರೆ.

ಅಲ್ಲಿಯವರೆಗೆ ಆನ್ ಮಾಡಬೇಡಿ. ಆ ಗೆರೆ ಒಂದೇ ಜಾಗದಲ್ಲಿ ಉರಿದು ಪರದೆಗೆ ಶಾಶ್ವತ ಕಲೆ ಮಾಡುತ್ತದೆ. ಟಿವಿಗೆ ಹಾಕುವಂಥ ಪಿಕ್ಚರ್ ಟ್ಯೂಬನ್ನು ಈಗ ಯಾರೂ ಹೊಸದಾಗಿ ಮಾಡುತ್ತಿಲ್ಲ. ಸುಟ್ಟರೆ ಸುಟ್ಟಿತು, ಅಷ್ಟೇ.

ರಿಪೇರಿಗೆ ಕೂತಾಗ ಪ್ರಾಣದ ವಿಷಯ ಮೊದಲು. ಬಣ್ಣದ ಟ್ಯೂಬಿನ ಪಕ್ಕದಲ್ಲಿರುವ ರಬ್ಬರ್ ಕ್ಯಾಪಿನ ಕೆಳಗೆ 20,000 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಒಳ್ಳೆ ಹಿಡಿ ಇರುವ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಹಿಂದೆ ಸುತ್ತಿರುವ ಬರಿ ತಂತಿಯ ಜಡೆಗೆ ಕ್ಲಿಪ್ ಮಾಡಬೇಕು. ಆಮೇಲೆ ಕ್ಯಾಪಿನ ಕೆಳಗೆ ಮೊನೆ ತೂರಿಸಿ ಡಿಸ್ಚಾರ್ಜ್ ಮಾಡಬೇಕು. ಒಂದು ಕೈ ಬೆನ್ನ ಹಿಂದೆ ಇರಲಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಿ, ಚಾರ್ಜ್ ಮರಳಿ ಬರುವುದುಂಟು. ಪವರ್ ಭಾಗದ ದೊಡ್ಡ ಕಂಡೆನ್ಸರಿನಲ್ಲೂ 300 ವೋಲ್ಟಿಗೆ ಮೇಲೆ ನಿಂತಿರುತ್ತದೆ. ಇದನ್ನು ಎಂದೂ ಮಾಡಿಲ್ಲದಿದ್ದರೆ ನೀವು ಮಾಡಲೇಬೇಡಿ, ಗೊತ್ತಿರುವವರ ಕೈಲಿ ಮಾಡಿಸಿ.

ನಂತರದ ಕೆಲಸ ಜಾಸ್ತಿ ಖರ್ಚಿನದಲ್ಲ. ಯೋಕ್ (ಟ್ಯೂಬಿನ ಕತ್ತಿಗೆ ಹಾಕಿರುವ ಕಾಯಿಲ್) ಪ್ಲಗ್ ಮತ್ತು ವರ್ಟಿಕಲ್ ಐಸಿಯ ಕಾಲುಗಳಲ್ಲಿ ಡ್ರೈ ಸಾಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ, ಇದೆಯಾ ನೋಡಲಿ. ಬೆಸುಗೆಯ ಸುತ್ತ ಸಣ್ಣ ಉಂಗುರದಂಥ ಬಿರುಕು ಕಾಣುತ್ತದೆ. ಎಷ್ಟೋ ಸಲ ಮತ್ತೆ ಬೆಸುಗೆ ಹಾಕಿದರೆ ಸಾಕು, ಚಿತ್ರ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಆ ಭಾಗದ ಕಂಡೆನ್ಸರುಗಳು ಒಣಗಿರುತ್ತವೆ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ವೋಲ್ಟ್, 105 ಡಿಗ್ರಿ ಬಿಸಿ ತಾಳುವಂಥವು ಹಾಕಿಸಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಕೊನೆಗೆ ಐಸಿ ಬದಲಿಸಿ.

ಇನ್ನು ಆ ಹೊಸ ಬೋರ್ಡಿನ ಮಾತು. ನಿಮ್ಮ 'ಮುಸ್ತಫಾ' ಅಂದರೆ ಕ್ಯಾಪ್‌ಕಾಮ್‌ನ 1993ರ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಅದರ ಚಿತ್ರ 384 ಚುಕ್ಕಿ ಅಗಲ, 224 ಚುಕ್ಕಿ ಎತ್ತರ. ಕಲಾವಿದರು ಒಂದೊಂದು ಚುಕ್ಕಿಯನ್ನೂ ಇಂಥ ಟ್ಯೂಬಿನ ಮೇಲೆ ನೋಡುವುದಕ್ಕೇ ಇಟ್ಟಿದ್ದಾರೆ. ಗೆರೆಗಳ ನಡುವಿನ ಕತ್ತಲು, ಬಣ್ಣ ಒಂದಕ್ಕೊಂದು ಸ್ವಲ್ಪ ಬೆರೆಯುವುದು, ಎಲ್ಲವೂ ಆ ಚಿತ್ರದ ಭಾಗ. ಎಲ್‌ಸಿಡಿಯಲ್ಲಿ ಅದು ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಜೊತೆಗೆ ನಿಮ್ಮ ಹಳೆ ಬೋರ್ಡ್ ಕೊಡುವುದು 15 ಕಿಲೋಹರ್ಟ್ಸ್ ಸಿಗ್ನಲ್, ಅಂದರೆ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ. ಸಾಮಾನ್ಯ ಕಂಪ್ಯೂಟರ್ ಮಾನಿಟರಿಗೆ ಕನಿಷ್ಠ 31 ಬೇಕು, ನಡುವೆ ಕನ್ವರ್ಟರ್ ಇಡಬೇಕಾಗುತ್ತದೆ, ಅದರಿಂದ ಚಿತ್ರ ತಡವಾಗಬಹುದು. ಹೊಡೆದಾಟದ ಗೇಮಿನಲ್ಲಿ ಬಟನ್ ಒತ್ತಿದ್ದು ಚೂರು ತಡವಾದರೂ ಆಟ ಕೆಡುತ್ತದೆ, ಅಲ್ವಾ?

ಬೋರ್ಡ್ ಅಸಲಿಯಾಗಿದ್ದರೆ ಅದರ ಮೇಲೆ ಒಂದು ಲಿಥಿಯಂ ಬ್ಯಾಟರಿ ಇರುತ್ತದೆ. ಹಳೆಯದಾಯ್ತು ಅಂತ ಸುಮ್ನೆ ಕೀಳಬೇಡಿ! ಗೇಮ್ ನಡೆಯಲು ಬೇಕಾದ ಗುಪ್ತ ಕೀಲಿ (ಕೋಡ್) ಆ ಬ್ಯಾಟರಿಯ ಬಲದಲ್ಲೇ ಉಳಿದಿದೆ. ನಕಲು ಬೋರ್ಡುಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡು ಇರುವುದಿಲ್ಲ. ಪೆಟ್ಟಿಗೆಯ ತಳದ ಹಲಗೆ ಉಬ್ಬಿದೆಯಾ, ಗೆದ್ದಲು ಹತ್ತಿದೆಯಾ ನೋಡಿಕೊಳ್ಳಿ. ತಳ ಮಾತ್ರ ಕೊಯ್ದು ಹೊಸ ಪ್ಲೈವುಡ್ ಹಾಕಿದರೆ ಆಯಿತು.

ಪ್ರಶ್ನೆ: ಅಮೆರಿಕದಲ್ಲಿ 1980ರ ದಶಕದ ಪ್ಯಾಕ್‌ಮ್ಯಾನ್ ಪೆಟ್ಟಿಗೆ ಕೊಂಡಿದ್ದೇನೆ. ಮೈಸೂರಿಗೆ ವಾಪಸ್ ಬರುವಾಗ ತರುವ ಆಸೆ. ಕರೆಂಟ್ ಹೊಂದುತ್ತಾ? 50 ಹರ್ಟ್ಸ್‌ನಲ್ಲಿ ಗೇಮ್ ನಿಧಾನ ಆಗುತ್ತೆ ಅಂತಾರೆ, ನಿಜಾನಾ?
– ಓದುಗರು, ನ್ಯೂಜೆರ್ಸಿ

ಉತ್ತರ: ಖಂಡಿತ ತನ್ನಿ. ಗೇಮ್ ನಿಧಾನ ಆಗುವುದಿಲ್ಲ. ಅದರ ವೇಗ ನಿಲ್ಲುವುದು ಬೋರ್ಡಿನ ಮೇಲಿನ 18.432 ಮೆಗಾಹರ್ಟ್ಸ್ ಕ್ರಿಸ್ಟಲ್ (ತಾಳ ಕೊಡುವ ಬಿಡಿಭಾಗ) ಮೇಲೆ, ಗೋಡೆಯ ಕರೆಂಟಿನ ಮೇಲಲ್ಲ. ನಮ್ಮ 230 ವೋಲ್ಟಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 120ಕ್ಕಿಂತ 110 ವೋಲ್ಟ್ ಕೊಡುವಂಥದ್ದು ಆರಿಸಿ. 60 ಹರ್ಟ್ಸ್‌ಗೆ ಮಾಡಿದ ಒಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ವೋಲ್ಟ್ ಸ್ವಲ್ಪ ಇಳಿಸಿದರೆ ಅದಕ್ಕೆ ಆರಾಮ. ಪೆಟ್ಟಿಗೆಯ ತಲೆಯ ಹೆಸರು ಫಲಕದ ಟ್ಯೂಬ್‌ಲೈಟ್ ಚೋಕ್ ಕೂಡ 60 ಹರ್ಟ್ಸ್‌ನದೇ, ಅದನ್ನು ಇಲ್ಲಿ ಬದಲಿಸಿಕೊಳ್ಳಿ.

ಹೊರಡುವ ಮೊದಲೇ ಗೇಮ್ ಬೋರ್ಡ್ ಸಿಕ್ಕಿಸುವ ಕನೆಕ್ಟರ್ ನೋಡಿ. ಪ್ಯಾಕ್‌ಮ್ಯಾನ್ ಬೋರ್ಡ್ ಎಸಿ ಕರೆಂಟ್ ತೆಗೆದುಕೊಂಡು ತನ್ನ ಮೇಲೆಯೇ 5 ವೋಲ್ಟ್ ಮಾಡಿಕೊಳ್ಳುತ್ತದೆ. ಆ ಪಿನ್ನುಗಳು ಬಿಸಿಯಾಗಿ ಕಂದು ಬಣ್ಣಕ್ಕೆ ತಿರುಗುವುದು ಇದರ ಹಳೆಯ ಕಾಯಿಲೆ. ಕಪ್ಪಾಗಿದ್ದರೆ ಕನೆಕ್ಟರ್ ಅಲ್ಲೇ ಕೊಳ್ಳಿ, ಅಲ್ಲಿ ಸುಲಭವಾಗಿ ಸಿಗುತ್ತದೆ. ಪಕ್ಕದ ಹಲಗೆಯ ಚಿತ್ರ ಸ್ಟೆನ್ಸಿಲ್ ಇಟ್ಟು ಬಣ್ಣ ಬಳಿದದ್ದು, ಸ್ಟಿಕ್ಕರ್ ಅಲ್ಲ. ಅದಕ್ಕೆ ಥಿನ್ನರ್ ಮುಟ್ಟಿಸಬೇಡಿ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ.