ಯಾವ ಹಳೇ ಗೋಪುರ ಸ್ವಾಮಿ?

ಹೋದ ಸಂಚಿಕೇಲಿ ಒಂದು ಪ್ರಶ್ನೆ ಹಾಕಿದ್ದೆ, ಫ್ರಾಂಕ್, ಜೋ ಅನ್ನೋ ಅಣ್ಣ ತಮ್ಮ ಪತ್ತೇದಾರಿ ಮಾಡೋ ಅಮೆರಿಕದ ಹಾರ್ಡಿ ಬಾಯ್ಸ್ ಸರಣಿಯ ಮೊದಲನೇ ಪುಸ್ತಕ 'ದಿ ಟವರ್ ಟ್ರೆಷರ್' ಚಿಕ್ಕವರಿದ್ದಾಗ ಓದಿದೋರು ಯಾರಾದ್ರೂ ಇದ್ದೀರಾ, ಈಗ ಮತ್ತೆ ಓದಿದ್ರೆ ಹೇಗನ್ಸುತ್ತೆ ಅಂತ. ನಾಲ್ಕೈದು ಜನ ಬರೀಬಹುದು ಅನ್ಕೊಂಡಿದ್ದೆ, ಬಂದಿರೋ ಪತ್ರ ನೋಡಿದ್ರೆ ಜಗಳಾನೇ ಶುರುವಾಗಿದೆ. ತಮಾಷೆ ಏನಂದ್ರೆ ಜಗಳ ಆಡ್ತಿರೋರಲ್ಲಿ ಅರ್ಧ ಜನ ಓದಿರೋದೇ ಬೇರೆ ಪುಸ್ತಕ, ಹೆಸರು ಮಾತ್ರ ಒಂದೇ. ಕಥೆ ಕೊನೆ ಗೊತ್ತಾಗಬಾರದು ಅನ್ನೋರು ಸಾಗರದ ಮೇಷ್ಟ್ರ ಪತ್ರ ಹಾರಿಸ್ಕೊಂಡು ಓದಿ, ಆಮೇಲೆ ನನ್ನ ಬೈಬೇಡಿ.

ಪ್ರಶ್ನೆ: ನಮಸ್ಕಾರ್ರೀ. ನಾ ಎಂಟನೇ ಕ್ಲಾಸಿನ್ಯಾಗ ಇದ್ದಾಗ ದಿನಕ್ಕ ನಾಲ್ಕಾಣೆ ಬಾಡಿಗಿ ಕೊಟ್ಟು ಈ ಪುಸ್ತಕ ತಂದು ಓದಿದ್ದೆ, ಭಾಳ ಛಲೋ ಅನಿಸಿತ್ತು. ಹೋದ ವಾರ ನನ್ನ ಮಗಾ ಹಳೇ ಎಡಿಷನ್ ಅಂತ ಟ್ಯಾಬ್‌ನ್ಯಾಗ ಡೌನ್‌ಲೋಡ್ ಮಾಡಿಕೊಟ್ಟ, ಓದಿದ್ರ ಬ್ಯಾರೆನ ಐತಿ! ಪೊಲೀಸ್ ಚೀಫ್ ಅಂದ್ರ ಶುದ್ಧ ಪೆದ್ದ, ಹಣ್ಣಿನ ಅಂಗಡ್ಯಾಗ ಅಲಾರಂ ಗಡಿಯಾರ ಇಟ್ಟು ಬಾಂಬ್ ಅಂತ ಹೆದರಸ್ತಾರ, ಇದ್ಯಾವ್ದೂ ನನಗ ನೆನಪ ಇಲ್ಲ. ನನ್ನ ತಲಿ ಕೆಟ್ಟೈತೋ, ಪುಸ್ತಕ ಬದಲಾಗೇತೋ?
- ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ಉತ್ತರ: ನಿಮ್ಮ ತಲೆ ಗಟ್ಟಿಯಾಗೇ ಇದೆ ಸಾರ್, ಬದಲಾಗಿರೋದು ಪುಸ್ತಕಾನೇ. ಮೊದಲು ಅಚ್ಚಾಗಿದ್ದು 1927ರಲ್ಲಿ, ನ್ಯೂಯಾರ್ಕಿನ ಗ್ರಾಸೆಟ್ ಅಂಡ್ ಡನ್ಲಪ್‌ನೋರು ಹಾಕಿದ್ದು. 1959ರಲ್ಲಿ ಅದೇ ಹೆಸರಿಟ್ಕೊಂಡು ಮತ್ತೆ ಬರೆದ್ರು, ಅಧ್ಯಾಯಾನೂ 20ಕ್ಕೆ ಇಳೀತು. ನಾವೆಲ್ಲ ಬಾಡಿಗೆಗೆ ತಂದು ಓದಿದ್ದು ಬಹುತೇಕ ಈ ಎರಡನೇದು. ಸುಮ್ನೆ ಅಲ್ಲಿಲ್ಲಿ ಕತ್ತರಿ ಹಾಕಿದ್ದಲ್ಲ, ಮನೆ ಗೋಡೆ ಬಿಟ್ಟು ಉಳಿದಿದ್ದೆಲ್ಲ ಒಡೆದು ಕಟ್ಟಿದ ಹಾಗೆ.

ಹಳೇದರಲ್ಲಿ ಊರಿನ ಪೊಲೀಸ್ ಚೀಫ್ ಎಜ್ರಾ ಕಾಲಿಗ್, ಅವನ ಹಿಂದೆ ಸುತ್ತೋ ಡಿಟೆಕ್ಟಿವ್ ಆಸ್ಕರ್ ಸ್ಮಫ್, ಇಬ್ರೂ ಜೋಕರ್‌ಗಳು. ಆಸ್ಪತ್ರೇಲಿರೋ ಕಳ್ಳನ ಹತ್ರ ಇವರು ಮೊದಲು ಹೋಗಿ ಎಲ್ಲಾ ಕೆಡಿಸ್ಬಾರ್ದು ಅಂತ ಹುಡುಗ್ರು ಆ ಗಡಿಯಾರದ ನಾಟಕ ಆಡ್ತಾರೆ, ಇವರಿಗೆ ಟ್ರೈನ್ ತಪ್ಪುತ್ತೆ. ಆ ಭಾಗ ಓದಿ ನಾನು ಜೋರಾಗಿ ನಕ್ಕಿದ್ದೀನಿ, ನಕ್ಕಾದ್ಮೇಲೆ ಸ್ವಲ್ಪ ಕಸಿವಿಸಿನೂ ಆಯ್ತು, ಯಾಕಂದ್ರೆ ಹೆದರಿ ನಡುಗೋನು ರಾಕೋ ಅಂತ ಒಬ್ಬ ಬಡಪಾಯಿ ಇಟಲಿಯೋನು, ಅವನ ಮುರುಕು ಇಂಗ್ಲಿಷನ್ನೇ ನಗೋಕೆ ಅಂತ ಇಟ್ಟಿದ್ದಾರೆ. 1959ರಲ್ಲಿ ಇಂಥದ್ದೆಲ್ಲ ತೆಗೆದ್ರು, ಜನಾಂಗಗಳನ್ನ ಹೀಗೆ ಗೇಲಿ ಮಾಡೋದು ಇನ್ನು ನಡೆಯಲ್ಲ ಅಂತ ಪ್ರಕಾಶಕರಿಗೇ ಅನ್ಸಿತ್ತು. ಅದು ಸರಿ. ಆದ್ರೆ ಅದರ ಜೊತೆಗೆ ತಮಾಷೆನೂ ಹೋಯ್ತು, ವರ್ಣನೆನೂ ಹೋಯ್ತು, ಪೊಲೀಸರಿಗೆ ಮರ್ಯಾದೆ ಬಂತು, ಕಥೆ ಎಲ್ಲೂ ಉಸಿರು ತಗೊಳ್ದೆ ಓಡುತ್ತೆ. ಕೊಳೆ ತೊಳೆಯೋಕೆ ಹೋಗಿ ಬಣ್ಣಾನೂ ಬಿಡ್ಸಿದ ಹಾಗೆ. ನನ್ನ ಓಟು ಹಳೇದಕ್ಕೇ, ಅದರ ತಪ್ಪೆಲ್ಲ ಗೊತ್ತಿದ್ದೂನೂ.

ಪ್ರಶ್ನೆ: ನನ್ನ ಮಗಳಿಗೆ ಶಾಲೇಲಿ 'ನೆಚ್ಚಿನ ಲೇಖಕ' ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಅವಳು ಈ ಪುಸ್ತಕದ ಕವರ್ ಮೇಲಿರೋ ಫ್ರಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಅಂತ ಬರ್ಕೊಂಡು ಕೂತಿದ್ದಾಳೆ. ಫೋಟೋನೂ ಸಿಗ್ತಿಲ್ಲ, ಹುಟ್ಟಿದ ತಾರೀಖೂ ಸಿಗ್ತಿಲ್ಲ. ಸಹಾಯ ಮಾಡ್ತೀರಾ?
- ಗೃಹಿಣಿ, ಮೈಸೂರು

ಉತ್ತರ: ಸಿಗಲ್ಲ ಮೇಡಂ, ಹಾಗೊಬ್ಬ ಮನುಷ್ಯ ಹುಟ್ಟೇ ಇಲ್ಲ. ಎಡ್ವರ್ಡ್ ಸ್ಟ್ರೇಟ್‌ಮೇಯರ್ ಅಂತ ಒಬ್ಬರು ಮಕ್ಕಳ ಪುಸ್ತಕಕ್ಕೆ ಫ್ಯಾಕ್ಟರಿ ಥರ ಒಂದು ಸಂಸ್ಥೆ ಮಾಡ್ಕೊಂಡಿದ್ರು, ಸ್ಟ್ರೇಟ್‌ಮೇಯರ್ ಸಿಂಡಿಕೇಟ್ ಅಂತ. ಕಥೆಯ ಹಂದರ ಇವರೇ ಟೈಪ್ ಮಾಡಿ ಯಾರೋ ಲೇಖಕರಿಗೆ ಕಳ್ಸೋದು, ಅವರು ಅಧ್ಯಾಯ ಅಧ್ಯಾಯವಾಗಿ ಬೆಳೆಸಿ ವಾಪಸ್ ಕಳ್ಸೋದು, ಒಂದೇ ಸಲ ದುಡ್ಡು, ಮುಗೀತು. ರಾಯಲ್ಟಿ ಇಲ್ಲ, ಹೆಸರೂ ಇಲ್ಲ, ನಾನು ಬರೆದೆ ಅಂತ ಹೇಳ್ಕೊಳ್ಳೋ ಹಾಗೂ ಇಲ್ಲ. ಕವರ್ ಮೇಲೆ ಇರೋ ಹೆಸರು ಸಂಸ್ಥೆಯ ಸ್ವತ್ತು. ಹುಡುಗಿ ಪತ್ತೇದಾರಿ ನ್ಯಾನ್ಸಿ ಡ್ರೂ ಸರಣಿ ಬರೆದ ಕೆರೊಲಿನ್ ಕೀನ್ ಕೂಡ ಹೀಗೇ, ಅವರೂ ಇಲ್ಲ.

'ಟವರ್ ಟ್ರೆಷರ್' ನಿಜವಾಗಿ ಬರೆದೋರು ಲೆಸ್ಲಿ ಮ್ಯಾಕ್‌ಫರ್ಲೇನ್, ಕೆನಡಾದೋರು, 1902ರಲ್ಲಿ ಹುಟ್ಟಿದ್ದು. ಮಗಳಿಗೆ ತಾರೀಖು ಬೇಕಿತ್ತಲ್ಲ, ವರ್ಷ ಇಲ್ಲೇ ಇದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೇಪರ್ ರಿಪೋರ್ಟರ್ ಆಗಿದ್ದಾಗ 1926ರಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದ್ರು, ಮೊದಲು ಸಮುದ್ರದ ಸಾಹಸದ ಇನ್ನೊಂದು ಸರಣಿ ಬರೆಸಿದ್ರು, ಆಮೇಲೆ ಈ ಹುಡುಗ್ರನ್ನ ಕೊಟ್ರು. ಪುಸ್ತಕಕ್ಕೆ 125 ಡಾಲರ್. 30ರ ದಶಕದ ಆರ್ಥಿಕ ಕುಸಿತದಲ್ಲಿ ಅದು 85ಕ್ಕೆ ಇಳೀತು, ಪುಸ್ತಕ ಮಾತ್ರ ಬಿಸಿ ದೋಸೆ ಥರ ಹೋಗ್ತಿತ್ತು, ಇವರು ಮನೆ ಖರ್ಚಿಗೆ ಅಂತ ಬರೀತಾನೇ ಇದ್ರು. ಮೊದಲ 16 ಪುಸ್ತಕ ಇವರದ್ದೇ, ಆಮೇಲೂ ಕೆಲವು ಬರೆದ್ರು. ಮುಂದೆ ಕೆನಡಾದ ನ್ಯಾಷನಲ್ ಫಿಲಂ ಬೋರ್ಡ್‌ನಲ್ಲಿ ನಿರ್ದೇಶಕರಾದ್ರು, ಹೆರಿಂಗ್ ಮೀನುಗಾರಿಕೆ ಬಗ್ಗೆ ಮಾಡಿದ ಡಾಕ್ಯುಮೆಂಟರಿ ಆಸ್ಕರ್ ನಾಮಿನೇಷನ್‌ಗೂ ಹೋಯ್ತು. 1976ರಲ್ಲಿ ಆತ್ಮಕಥೆ ಬರೆದು ನಾನೇ ಆ ಭೂತ (ಬೇರೆ ಹೆಸರಲ್ಲಿ ಬರೆದುಕೊಡೋನಿಗೆ ಇಂಗ್ಲಿಷಲ್ಲಿ ಘೋಸ್ಟ್ ರೈಟರ್ ಅಂತಾರಲ್ಲ) ಅಂತ ಎಲ್ಲಾ ಬಿಚ್ಚಿಟ್ರು, ಮರುವರ್ಷ ತೀರ್ಕೊಂಡ್ರು.

ಧಾರವಾಡದವರು ಕೇಳಿದ ಪೆದ್ದ ಪೊಲೀಸ್ ಇವರ ಕೈವಾಡಾನೇ. ದೊಡ್ಡವರು, ಅಧಿಕಾರದಲ್ಲಿರೋರು ಹೇಳಿದ್ದೆಲ್ಲ ವೇದವಾಕ್ಯ ಅಂತ ಮಕ್ಕಳಿಗೆ ಕಲಿಸೋದು ಇವರಿಗೆ ಇಷ್ಟ ಇರ್ಲಿಲ್ಲ, ಹಂದರದೊಳಗೇ ಇದನ್ನ ತುರುಕಿದ್ರು, ಸಿಂಡಿಕೇಟ್‌ನೋರು ಆಮೇಲೆ ಸ್ವಲ್ಪ ಮರ್ಯಾದೆ ಇರ್ಲಿ ಅಂದ್ರು. ಊಟದ ವರ್ಣನೆ ಧಾರಾಳವಾಗಿ ಸುರಿದಿರೋದೂ ಇವರೇ. 125 ಡಾಲರ್‌ಗೆ ಹೇಗೋ ಗೀಚಿ ಬಿಸಾಕ್ಬಹುದಿತ್ತು, ಮನುಷ್ಯ ಹಾಗೆ ಮಾಡ್ಲಿಲ್ಲ. ಮಗಳಿಗೆ ಹೇಳಿ, ಪ್ರಾಜೆಕ್ಟ್‌ನಲ್ಲಿ ಮ್ಯಾಕ್‌ಫರ್ಲೇನ್ ಬಗ್ಗೆ ಬರೀಲಿ, ಕ್ಲಾಸಲ್ಲಿ ಬೇರೆ ಯಾರ ಹತ್ರಾನೂ ಇರಲ್ಲ.

ಪ್ರಶ್ನೆ: ಮೊಮ್ಮಗನಿಗೋಸ್ಕರ ಓದಿದೆ. ಕೊನೆಯಲ್ಲಿ ನನಗೆ ನಿರಾಸೆ. ಗೋಪುರದ ನಿಧಿ ಅಂತ ಹೆಸರಿಟ್ಟು, ಪೂರ್ತಿ ಪುಸ್ತಕ ಬಂಗಲೆಯ ಗೋಪುರ ತಡಕಾಡಿಸಿ, ಕೊನೆಗೆ ಬೇರೆ ಎಲ್ಲೋ ಇತ್ತು ಅನ್ನೋದು ಓದುಗನಿಗೆ ಮಾಡೋ ಮೋಸ ಅಲ್ಲವೇ?
- ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಇದೊಂದರಲ್ಲಿ ನಿಮ್ಮ ಜೊತೆ ಜಗಳ ಇದೆ ಸಾರ್. ಓದದೇ ಇರೋರಿಗೆ ಕಥೆ ಎರಡು ಮಾತಲ್ಲಿ: ಬೇಪೋರ್ಟ್ ಅನ್ನೋ ಕಡಲ ದಡದ ಊರು, ಅಲ್ಲಿ ಟವರ್ ಮ್ಯಾನ್ಷನ್ ಅಂತ ದೊಡ್ಡ ಬಂಗಲೆ, ಅದರಲ್ಲಿ ಹರ್ಡ್ ಆಪಲ್‌ಗೇಟ್ ಮತ್ತೆ ಅವನ ತಂಗಿ ಅಡೀಲಿಯಾ. ತಿಜೋರಿಯಿಂದ 40,000 ಡಾಲರ್‌ನ ಒಡವೆ, ಬಾಂಡು ಎಲ್ಲಾ ಕಳುವಾಗುತ್ತೆ. ಅನುಮಾನ ಬೀಳೋದು ಬಂಗಲೆ ನೋಡ್ಕೊಳ್ಳೋ ರಾಬಿನ್ಸನ್ ಮೇಲೆ, ಯಾಕಂದ್ರೆ ಪಾಪ ಅದೇ ಹೊತ್ತಿಗೆ 900 ಡಾಲರ್ ಸಾಲ ತೀರಿಸಿದ್ದಾನೆ, ದುಡ್ಡೆಲ್ಲಿಂದ ಬಂತು ಅಂದ್ರೆ ಬಾಯಿ ಬಿಡಲ್ಲ. ಅವನ ಮಗ ಸ್ಲಿಮ್ ಶಾಲೆ ಬಿಟ್ಟು ದಿನಸಿ ಅಂಗಡೀಲಿ ಕೆಲಸಕ್ಕೆ ನಿಲ್ತಾನೆ. ಫ್ರಾಂಕ್, ಜೋ ಹಿಂದೆ ಬೀಳೋದು ಇದಕ್ಕೇ, ನಿಧಿಗಿಂತ ಫ್ರೆಂಡ್‌ನ ಅಪ್ಪನ ಮಾನ ಮುಖ್ಯ. ನನಗೆ ಪುಸ್ತಕದಲ್ಲಿ ತೀರಾ ಹಿಡಿಸಿದ್ದು ಇದೇ.

ನಿಜವಾದ ಕಳ್ಳ ರೆಡ್ ಜಾಕ್ಲಿ, ವಿಗ್ ಬದಲಾಯಿಸ್ಕೊಂಡು ಓಡಾಡೋನು, ಸಾಯೋ ಹೊತ್ತಲ್ಲಿ ಹಳೇ ಗೋಪುರದಲ್ಲಿ ಬಚ್ಚಿಟ್ಟೆ ಅಂತಾನೆ. ಎಲ್ರೂ ಬಂಗಲೆಯ ಹಳೇ ಗೋಪುರಕ್ಕೆ ಓಡ್ತಾರೆ, ನಾವೂ ಅವರ ಹಿಂದೆ. ಅಲ್ಲಿ ಧೂಳು ಬಿಟ್ರೆ ಏನೂ ಇಲ್ಲ. ಯಾವ ಹಳೇ ಗೋಪುರ ಅಂತ ಯಾರೂ ಕೇಳ್ಲೇ ಇಲ್ವಲ್ಲ! ಜಾಕ್ಲಿ ಮೊದಲು ರೈಲ್ವೇಲಿ ಕೆಲಸ ಮಾಡಿದ್ದ, ರೈಲು ಹಳಿ ಪಕ್ಕ ಉಗಿಬಂಡಿಗೆ ನೀರು ತುಂಬಿಸೋ ಟ್ಯಾಂಕಿನ ಗೋಪುರ ಎರಡಿದ್ವು, ಒಂದು ಹೊಸದು, ಒಂದು ಪಾಳು ಬಿದ್ದಿದ್ದು. ಕಳ್ಳ ಸುಳ್ಳು ಹೇಳ್ಲಿಲ್ಲ, ಲೇಖಕರೂ ಹೇಳ್ಲಿಲ್ಲ, ಕೇಳಿಸ್ಕೊಂಡ ನಾವೇ ತಪ್ಪು ಗೋಪುರ ಹತ್ತಿದ್ದು. ಕಳ್ಳ ಮೊದ್ಲು ಏನು ಕೆಲಸ ಮಾಡ್ತಿದ್ದ ಅನ್ನೋದನ್ನ ಇನ್ನೂ ಸ್ವಲ್ಪ ಮುಂಚೆ ನಮ್ಮ ಕಿವಿಗೆ ಹಾಕ್ಬೇಕಿತ್ತು ಅಂದ್ರೆ ಒಪ್ಕೊಂತೀನಿ. ಮೋಸ ಅನ್ನೋದನ್ನ ಒಪ್ಪಲ್ಲ. ಮೊಮ್ಮಗ ಏನಂದ ಬರೀಲೇ ಇಲ್ವಲ್ಲ ನೀವು?

ಪ್ರಶ್ನೆ: ಅಲ್ಲ ಮಾರಾಯ್ರೆ, ಒಂದೇ ಅಚ್ಚಿನಲ್ಲಿ ಹೊಯ್ದ ಇಂಥ ಪುಸ್ತಕ ಮಕ್ಕಳ ಕೈಗೆ ಕೊಡ್ಬೇಕಾ? ನಮ್ಮ ಶಾಲೆ ಲೈಬ್ರರಿಯ ಕಪಾಟು ತುಂಬ ಇದೇ ಉಂಟು, ಮಕ್ಕಳು ಬೇರೆ ಪುಸ್ತಕ ಮುಟ್ಟುವುದಿಲ್ಲ.
- ಶಿಕ್ಷಕಿ, ಮಂಗಳೂರು

ಉತ್ತರ: ಈ ಕಂಪ್ಲೇಂಟ್ ಹಾರ್ಡಿ ಬಾಯ್ಸ್‌ಗಿಂತ ಹಳೇದು. ಫ್ರಾಂಕ್ಲಿನ್ ಮ್ಯಾಥ್ಯೂಸ್ ಅಂತ ಅಮೆರಿಕದ ಬಾಯ್ ಸ್ಕೌಟ್ಸ್‌ನ ಮುಖ್ಯ ಲೈಬ್ರೇರಿಯನ್, 1914ರಲ್ಲೇ ಇಂಥ ಅಗ್ಗದ ಸರಣಿ ಪುಸ್ತಕಗಳು ಹುಡುಗ್ರ ಮಿದುಳನ್ನೇ ಚಿಂದಿ ಮಾಡ್ತಾವೆ ಅಂತ ತಲೆಬರಹ ಕೊಟ್ಟು ಲೇಖನ ಬರೆದಿದ್ರು. ಸ್ಟ್ರೇಟ್‌ಮೇಯರ್ ತಲೆ ಕೆಡಿಸ್ಕೊಂಡು ಕೂತಿರ್ಲಿಲ್ಲ ಅನ್ನೋದಕ್ಕೆ 13 ವರ್ಷ ಆದ್ಮೇಲೆ ಬಂದ ಈ ಸರಣಿನೇ ಸಾಕ್ಷಿ.

ಕೊಡ್ಲೇಬೇಡಿ ಅಂದ್ರೆ ನಾನು ಒಪ್ಪಲ್ಲ. ನನಗೆ ಪುಸ್ತಕದ ಹುಚ್ಚು ಹಿಡಿಸಿದ್ದೇ ಇಂಥವು, ಪೂರ್ತಿ ಒಂದು ಪುಸ್ತಕ ಒಬ್ಬನೇ ಮುಗಿಸಿದೆ ಅನ್ನೋ ಜಂಬ ಹತ್ತು ವರ್ಷದೋನಿಗೆ ಸಣ್ಣದಲ್ಲ. ಆದ್ರೆ ನೀವು ಹೇಳಿದ್ದೂ ಖರೆ, ಹತ್ತು ಓದಿದ್ಮೇಲೆ ಹನ್ನೊಂದನೇದು ಓದಿದ ಹಾಗೇ ಇರುತ್ತೆ, ಕಳ್ಳ ಬದಲಾಗ್ತಾನೆ ಅಷ್ಟೆ. ಕಪಾಟಲ್ಲಿ ನಾಲ್ಕು ಇಟ್ಟು ಉಳಿದ ಜಾಗಕ್ಕೆ ಕನ್ನಡದ ಪತ್ತೇದಾರಿ ಒಂದಷ್ಟು ತುಂಬಿ ನೋಡಿ, ಖಾಲಿ ಆಗ್ದೇ ಇದ್ರೆ ನನಗೆ ಬರೀರಿ.

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯಲ್ಲಿ. ಮಗನಿಗೆ ಹತ್ತು ವರ್ಷ. ಯಾವ ಎಡಿಷನ್ ತೆಗೆದುಕೊಳ್ಳಲಿ? ನೆಟ್‌ನಲ್ಲಿ ಫ್ರೀ ಸಿಗೋದು ಕಾನೂನುಬದ್ಧವೇ?
- ಐಟಿ ಉದ್ಯೋಗಿ

ಉತ್ತರ: ನೀವು ಸರಿಯಾದ ಜಾಗದಲ್ಲೇ ಇದ್ದೀರಿ! ಸ್ಟ್ರೇಟ್‌ಮೇಯರ್ ಹುಟ್ಟಿದ್ದು ನಿಮ್ಮ ರಾಜ್ಯದ ಎಲಿಜಬೆತ್ ಅನ್ನೋ ಊರಲ್ಲಿ. 1930ರಲ್ಲಿ ಅವರು ತೀರ್ಕೊಂಡ್ಮೇಲೆ ಹೆಣ್ಮಕ್ಕಳಿಬ್ರು ಕಂಪನಿ ವಹಿಸ್ಕೊಂಡು ಆಫೀಸನ್ನ ಅಲ್ಲೇ ಈಸ್ಟ್ ಆರೆಂಜ್‌ಗೆ ತಂದ್ರು, ಅದರಲ್ಲಿ ದೊಡ್ಡಾಕೆ ಹ್ಯಾರಿಯೆಟ್ ಆಡಮ್ಸ್, 1959ರ 'ಟವರ್ ಟ್ರೆಷರ್' ತಿದ್ದಿ ಬರೆದಾಕೆ ಆಕೆನೇ.

1927ರ ಪಠ್ಯ ಅಮೆರಿಕದಲ್ಲಿ 2023ರ ಜನವರಿ 1ರಿಂದ ಕಾಪಿರೈಟ್ ಮುಕ್ತ, ಧೈರ್ಯವಾಗಿ ಇಳಿಸ್ಕೊಳ್ಳಿ. 1959ರದ್ದು ಹಾಗಲ್ಲ, ಅದನ್ನ ದುಡ್ಡು ಕೊಟ್ಟೇ ತಗೋಬೇಕು, ಅಂಗಡೀಲಿ ಸಿಗೋ ನೀಲಿ ಬೆನ್ನಿನ ಪುಸ್ತಕ ಅದೇ. ಹತ್ತು ವರ್ಷದೋನಿಗೆ ಮೊದಲು ನೀಲೀದು ಕೊಡಿ. ಹಳೇದನ್ನ ಅವನ ಪಕ್ಕ ಕೂತ್ಕೊಂಡು ನೀವೂ ಓದಿ, ರಾಕೋ ಬಂದಾಗ ಒಂದು ನಿಮಿಷ ನಿಲ್ಸಿ, ನಮ್ಮ ಉಚ್ಚಾರಣೆ ಕೇಳಿ ಅಲ್ಲಿ ಯಾರಾದ್ರೂ ಹೀಗೇ ನಕ್ರೆ ಹೇಗಿರುತ್ತೆ ಅಂತ ಕೇಳಿ. ನಿಮ್ಮ ಮಗನಿಗೆ ಬೇಗ ಅರ್ಥ ಆಗುತ್ತೆ ಅನ್ಸುತ್ತೆ, ಬೆಂಗಳೂರಲ್ಲಿರೋ ಮಕ್ಕಳಿಗಿಂತ.

ಪ್ರಶ್ನೆ: ಇದರ ಸಿನಿಮಾ ಇದೆಯಾ?
- ಪಿಯು ವಿದ್ಯಾರ್ಥಿ, ತುಮಕೂರು

ಉತ್ತರ: 1956ರಲ್ಲಿ ಡಿಸ್ನಿಯವರ ಮಿಕ್ಕಿ ಮೌಸ್ ಕ್ಲಬ್ ಟಿವಿ ಶೋನಲ್ಲಿ ಧಾರಾವಾಹಿಯಾಗಿ ಬಂದಿತ್ತು, ಟಿಮ್ ಕಾನ್ಸಿಡೈನ್, ಟಾಮಿ ಕರ್ಕ್ ಅಣ್ಣ ತಮ್ಮ. ಕಥೆ ಸಾಕಷ್ಟು ಬದಲಾಯಿಸಿ ಕಡಲ್ಗಳ್ಳರ ಚಿನ್ನ ತಂದು ಸೇರಿಸಿದ್ರು. ಪುಸ್ತಕ ಓದಿದ್ಮೇಲೆ ನೋಡು.

ಪ್ರಶ್ನೆ: ಅಂಕಲ್, ನಿಧಿ ಹುಡ್ಕಿದ್ದಕ್ಕೆ ಫ್ರಾಂಕ್ ಜೋ ಇಬ್ರಿಗೇ 1000 ಡಾಲರ್ ಬಹುಮಾನ ಕೊಟ್ರಲ್ಲ, ಅವರ ಫ್ರೆಂಡ್ ಚೆಟ್‌ಗೆ ಯಾಕೆ ಕೊಡ್ಲಿಲ್ಲ? ಅವನೂ ಅವರ ಜೊತೆ ಓಡಾಡಿದ್ದ, ಅವನ ಕಾರು ಬೇರೆ ಕದ್ದಿದ್ರು.
- 5ನೇ ಕ್ಲಾಸ್, ಹಾಸನ

ಉತ್ತರ: ಎಲ್ಲಾ ಪತ್ರಗಳಲ್ಲಿ ನನ್ನ ಬಾಯಿ ಮುಚ್ಚಿಸಿದ್ದು ನಿಂದೇ ಪುಟ್ಟ. ಚೆಟ್‌ಗೆ ಅವನ ಹಳದಿ ಕಾರು ವಾಪಸ್ ಸಿಕ್ತು, ರಾಬಿನ್ಸನ್‌ಗೆ ಕೆಲಸ ವಾಪಸ್ ಸಿಕ್ತು, ಬಹುಮಾನ ಮಾತ್ರ ಅಣ್ಣ ತಮ್ಮಂದಿರಿಗೇ ಹೋಯ್ತು, ನನಗೂ ಅದು ಸರಿ ಅನ್ಸಲ್ಲ. ನಿನ್ನ ಹತ್ರ ಇರೋದು ಯಾವ ಪುಸ್ತಕ ಅಂತ ಮುಂದಿನ ಸಲ ಬರಿ. ಶುರುವಲ್ಲೇ ವಯಸ್ಸು ನೋಡು, ಫ್ರಾಂಕ್‌ಗೆ 16, ಜೋಗೆ 15 ಅಂತಿದ್ರೆ ಹಳೇದು, 18, 17 ಅಂತಿದ್ರೆ ಹೊಸದು.