ಜೋನಿ ಮಿಚೆಲ್ ಇನ್ನೂ ಏಕೆ ಹಾಡಬೇಕು?

ಶಿವಮೊಗ್ಗದ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಟೊರಾಂಟೊದಲ್ಲಿರುವ ಅವರ ಮಗ ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ಎರಡು ವಿಡಿಯೊಗಳನ್ನು ಕಳುಹಿಸಿದ್ದರಂತೆ. ಒಂದರಲ್ಲಿ ಇಪ್ಪತ್ತೈದರ ಆಸುಪಾಸಿನ ಯುವತಿ 'ಬೋತ್ ಸೈಡ್ಸ್ ನೌ' ಎಂಬ ಹಾಡನ್ನು ತಾರಸ್ಥಾಯಿಯಲ್ಲಿ ಲೀಲಾಜಾಲವಾಗಿ ಹಾಡುತ್ತಾರೆ; ಇನ್ನೊಂದರಲ್ಲಿ, 2024ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ, ಅವರೇ ಎಂಬತ್ತರ ವಯಸ್ಸಿನಲ್ಲಿ ಕುರ್ಚಿಯಲ್ಲಿ ಕುಳಿತು ಅದೇ ಹಾಡನ್ನು ತಗ್ಗಿದ ದನಿಯಲ್ಲಿ ಹಾಡುತ್ತಾರೆ. "ಕಂಠ ಹೋದ ಮೇಲೆ ವೇದಿಕೆಯಿಂದ ಇಳಿಯುವುದೇ ಕಲಾವಿದರಿಗೆ ಮರ್ಯಾದೆಯಲ್ಲವೇ? ಆ ಚಪ್ಪಾಳೆ ಹಾಡಿಗೆ ಬಂದದ್ದೋ, ಕನಿಕರಕ್ಕೆ ಬಂದದ್ದೋ?" ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ದಣಿದ ಕಲಾವಿದರನ್ನು ಹೆಸರಿನ ಆಸೆಗೆ ವೇದಿಕೆಗೆ ಎಳೆತರುವ ಆಯೋಜಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಜೋನಿಯವರ ಕಂಠ ಇಳಿದಿರುವುದೂ ಸುಳ್ಳಲ್ಲ; ಒಂಬತ್ತನೇ ವಯಸ್ಸಿಗೇ ಸಿಗರೇಟು ಹಿಡಿದವರು ಅವರು. 1971ರ 'ಬ್ಲೂ' ಆಲ್ಬಮ್ಮಿನ ಮೇಲಿನ ಸ್ವರಗಳು ಇನ್ನು ಮರಳಿ ಬರಲಾರವು. ಇಷ್ಟನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ, ಏಕೆಂದರೆ ನಿಮ್ಮ ಪತ್ರ ನನ್ನ ಬಹುಕಾಲದ ನಂಬಿಕೆಯೊಂದನ್ನು ಕೆಣಕಿದೆ. ಹಾಡುಗಾರರ ಬದುಕನ್ನು ಇಡಿಯಾಗಿ ಕೇಳಬೇಕು. ನಮಗೆ ಹಿಡಿಸಿದ ನಾಲ್ಕೈದು ವರ್ಷಗಳನ್ನು ಕತ್ತರಿಸಿಟ್ಟುಕೊಂಡು ಮಿಕ್ಕದ್ದನ್ನೆಲ್ಲ ಅವನತಿಯೆಂದು ಕರೆಯುವುದು ಕೇಳುಗರ ಸೋಮಾರಿತನ.

ಜೋನಿಯವರು 1943ರಲ್ಲಿ ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮಕ್ಲಾಯ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಸ್ಯಾಸ್ಕಾಚೆವಾನಿನ ಬಯಲುಸೀಮೆಯಲ್ಲಿ ಬೆಳೆದವರು. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ತಗುಲಿತು. ಎಡಗೈಯ ಬಲ ಕುಂದಿತು. ಗಿಟಾರಿನ ಕತ್ತಿನ ಮೇಲೆ ತಂತಿಗಳನ್ನು ಒತ್ತಿ ಸ್ವರಮೇಳ ಹಿಡಿಯುವುದು ಎಡಗೈಯ ಕೆಲಸ. ಎಲ್ಲರೂ ಬಳಸುವ ಶ್ರುತಿಯಲ್ಲಿ ಕೆಲವು ಸ್ವರಮೇಳಗಳಿಗೆ ಬೆರಳುಗಳನ್ನು ಹಿಗ್ಗಿಸಿ ಗಟ್ಟಿಯಾಗಿ ಒತ್ತಬೇಕಾಗುತ್ತದೆ, ಅದು ಆ ಕೈಗೆ ಕಷ್ಟವಾಗಿತ್ತು. ಹಾಗಾಗಿ ಅವರು ತಂತಿಗಳನ್ನೇ ಬೇರೆ ಬೇರೆ ಸ್ವರಗಳಿಗೆ ಸಡಿಲಿಸಿ, ಬಿಗಿದು, ಒಂದೆರಡು ಬೆರಳಿನಲ್ಲೇ ತುಂಬುನಾದ ಹೊಮ್ಮುವಂತೆ ಮಾಡಿಕೊಂಡರು. ಹೀಗೆ ಅವರು ಬಳಸಿದ ಶ್ರುತಿಗಳು ಐವತ್ತಕ್ಕೂ ಹೆಚ್ಚು. ಜಾಜ್ ಸಂಗೀತದ ಪಳಗಿದ ವಾದಕರೇ ಬೆರಗಾಗುವಂಥ ಸ್ವರಮೇಳಗಳು ಹುಟ್ಟಿದ್ದು ಆ ಬಲಹೀನ ಕೈಯಿಂದ. ದೇಹ ಒಂದು ದಾರಿಯನ್ನು ಮುಚ್ಚಿದಾಗ ಇನ್ನೊಂದನ್ನು ಹುಡುಕುವುದು ಅವರಿಗೆ ಮುಪ್ಪಿನಲ್ಲಿ ಬಂದ ಅಭ್ಯಾಸವಲ್ಲ. ಗಿಟಾರ್ ಹಿಡಿದ ಕಾಲದಿಂದಲೂ ಅವರ ಸಂಗೀತ ನಡೆದುಬಂದಿರುವುದೇ ಹಾಗೆ.

ನೀವು ಹೆಸರಿಸಿದ 'ಬೋತ್ ಸೈಡ್ಸ್ ನೌ' ಹಾಡನ್ನೇ ತೆಗೆದುಕೊಳ್ಳೋಣ. 1967ರಲ್ಲಿ ವಿಮಾನದಲ್ಲಿ ಸಾಲ್ ಬೆಲೋ ಅವರ ಕಾದಂಬರಿಯೊಂದನ್ನು ಓದುತ್ತಿದ್ದಾಗ, ಅದರ ನಾಯಕನೂ ವಿಮಾನದಲ್ಲಿ ಕುಳಿತು ಕೆಳಗಿನ ಮೋಡಗಳನ್ನು ನೋಡುವ ಭಾಗ ಬಂತು. ಜೋನಿಯವರು ಪುಸ್ತಕ ಮುಚ್ಚಿ ಕಿಟಕಿಯಾಚೆಯ ಮೋಡಗಳನ್ನು ನೋಡಿ ಹಾಡು ಬರೆಯತೊಡಗಿದರು. ಆಗ ಅವರಿಗೆ 23 ವರ್ಷ. ಮೋಡವನ್ನು, ಪ್ರೇಮವನ್ನು, ಬದುಕನ್ನು ಎರಡೂ ಕಡೆಯಿಂದ ನೋಡಿದೆ, ಆದರೂ ತಿಳಿಯಲಿಲ್ಲ ಎನ್ನುವುದು ಆ ಹಾಡಿನ ಭಾವ. ಮೊದಲು ಜೂಡಿ ಕಾಲಿನ್ಸ್ ಅದನ್ನು ಹಾಡಿ ಪ್ರಸಿದ್ಧಿಗೆ ತಂದರು. ಜೋನಿಯವರ ದನಿಯಲ್ಲಿ 1969ರಲ್ಲಿ ಬಂತು. ಸೊಗಸಾದ ಧ್ವನಿಮುದ್ರಣ, ಆದರೆ ಅಲ್ಲಿ ಕೇಳಿಬರುವುದು ಬದುಕನ್ನು ಊಹಿಸಿಕೊಂಡ ಹುಡುಗಿಯ ದನಿ. 2000ದಲ್ಲಿ ಹೊರಬಂದ ಆಲ್ಬಮ್ಮಿಗಾಗಿ, ಐವತ್ತೈದರ ಆಸುಪಾಸಿನಲ್ಲಿ, ವಿನ್ಸ್ ಮೆಂಡೋಜಾ ಅವರು ಸಂಯೋಜಿಸಿದ ದೊಡ್ಡ ವಾದ್ಯವೃಂದದೊಂದಿಗೆ ಅವರು ಅದೇ ಹಾಡನ್ನು ಲಂಡನ್ನಿನಲ್ಲಿ ಮತ್ತೆ ಹಾಡಿದರು. ಶ್ರುತಿ ಇಳಿದಿದೆ, ಕಾಲ ನಿಧಾನವಾಗಿದೆ, ಒಂದೊಂದು ಸಾಲಿನ ಕೊನೆಯಲ್ಲೂ ಉಸಿರಿನ ಭಾರ ಕೇಳುತ್ತದೆ. 'ತಿಳಿಯಲಿಲ್ಲ' ಎಂಬ ಮಾತು ಅಲ್ಲಿ ಅನುಭವದ ಮಾತಾಗಿ ಬರುತ್ತದೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಎರಡನೆಯದನ್ನು ಹಿಂಜರಿಯದೆ ಆರಿಸುತ್ತೇನೆ.

"ಅವರು ಹಳೆಯ ಹಾಡುಗಳಿಗೇ ನಿಂತಿದ್ದರೆ ಸಾಕಿತ್ತು" ಎಂದೂ ಬರೆದಿದ್ದೀರಿ. ಇದು ನನ್ನನ್ನು ನೋಯಿಸಿದ ಮಾತು. 1974ರ 'ಕೋರ್ಟ್ ಅಂಡ್ ಸ್ಪಾರ್ಕ್' ಆಲ್ಬಮ್ ಅವರಿಗೆ ಹಿಂದೆಂದೂ ಕಾಣದ ಜನಪ್ರಿಯತೆ ತಂದಿತ್ತು. ಅದನ್ನೇ ಮತ್ತೆ ಮತ್ತೆ ಮಾಡುತ್ತ ಹಾಯಾಗಿರಬಹುದಿತ್ತು. ಅವರು ಹಾಗಿರಲಿಲ್ಲ. ಮರುವರ್ಷ ಆಫ್ರಿಕಾದ ಬುರುಂಡಿಯ ಡೋಲುಗಳ ನಾದವನ್ನು ತಮ್ಮ ಹಾಡಿನೊಳಕ್ಕೆ ತಂದರು, ವಿಮರ್ಶಕರು ಮುಖ ಸಿಂಡರಿಸಿದರು. 1976ರ 'ಹೆಜಿರಾ' ಆಲ್ಬಮ್ ಅಮೆರಿಕದ ಉದ್ದಕ್ಕೂ ಒಬ್ಬರೇ ಕಾರು ಓಡಿಸಿಕೊಂಡು ಹೋದ ಪ್ರಯಾಣದಲ್ಲಿ ಹುಟ್ಟಿದ್ದು. ಅದರಲ್ಲಿ ಜಾಕೋ ಪಾಸ್ಟೋರಿಯಸ್ ಅವರ ಬೇಸ್ ಗಿಟಾರ್ ಹಿನ್ನೆಲೆಗೆ ಸರಿಯದೆ ಹಾಡಿನ ಜೊತೆ ಸಂಭಾಷಣೆಗೆ ಕುಳಿತಂತಿದೆ. ಜಾಜ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಮರಣಶಯ್ಯೆಯಲ್ಲಿದ್ದಾಗ ಜೋನಿಯವರನ್ನು ಕರೆಸಿ ತಮ್ಮ ರಾಗಗಳಿಗೆ ಸಾಹಿತ್ಯ ಬರೆಯಲು ಹೇಳಿದರು. ಆ ಆಲ್ಬಮ್ 1979ರಲ್ಲಿ ಹೊರಬರುವ ಮೊದಲೇ ಮಿಂಗಸ್ ತೀರಿಕೊಂಡಿದ್ದರು. ಹಳೆಯ ಅಭಿಮಾನಿಗಳಲ್ಲಿ ಎಷ್ಟೋ ಜನ ಈ ಹೊತ್ತಿಗೆ ದೂರ ಸರಿದಿದ್ದರು. ಚಿತ್ರಕಾರ ವ್ಯಾನ್ ಗಾಗ್‌ಗೆ ಯಾರಾದರೂ ಅದೇ ನಕ್ಷತ್ರದ ರಾತ್ರಿಯನ್ನು ಇನ್ನೊಮ್ಮೆ ಬರೆ ಎಂದು ಹೇಳಿದ್ದುಂಟೇ ಎಂದು ಜೋನಿಯವರು 1974ರಲ್ಲೇ ವೇದಿಕೆಯಿಂದ ಸಭಿಕರನ್ನು ಕೇಳಿದ್ದರು. ಸ್ವತಃ ಚಿತ್ರ ಬರೆಯುವವರು, ತಮ್ಮ ಆಲ್ಬಮ್ಮುಗಳ ಹೊದಿಕೆಗಳಲ್ಲಿ ಅನೇಕವನ್ನು ತಾವೇ ಬರೆದವರು. ಅವರಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಈ ಒತ್ತಾಯ ನಮ್ಮಲ್ಲೂ ಕಡಿಮೆಯಿಲ್ಲ. ಕೆಲವು ವರ್ಷಗಳ ಹಿಂದೆ ಸುಗಮ ಸಂಗೀತ ಕಾರ್ಯಕ್ರಮವೊಂದರಲ್ಲಿ ಹಿರಿಯ ಗಾಯಕಿಯೊಬ್ಬರು ತಾವು ಹೊಸದಾಗಿ ರಾಗ ಹಾಕಿದ ವಚನವೊಂದನ್ನು ಹಾಡಲು ಅಣಿಯಾಗಿದ್ದರು. ಸಭೆಯಿಂದ ಚೀಟಿಯ ಮೇಲೆ ಚೀಟಿ, ಎಲ್ಲದರಲ್ಲೂ ಅದೇ ಹಳೆಯ ಭಾವಗೀತೆ. ಅವರು ಚೀಟಿಗಳನ್ನು ಒಂದೊಂದಾಗಿ ಮಡಿಸಿ ಹಾರ್ಮೋನಿಯಮ್ಮಿನ ಕೆಳಗಿಟ್ಟು, ಕೊನೆಗೆ ಹಳೆಯದನ್ನೇ ಹಾಡಿದರು. ಆ ವಚನ ನಮಗೆ ಕೇಳಲು ಸಿಗಲೇ ಇಲ್ಲ. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾದಾಗ ಗಂಗೂಬಾಯಿ ಹಾನಗಲ್ಲರು ಹಾಡುವುದನ್ನು ಬಿಟ್ಟಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವು ಎಂಬುದನ್ನು ಸಂಗೀತ ಬಲ್ಲ ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಕನಿಕರದ ಪ್ರಶ್ನೆ. 2015ರಲ್ಲಿ ಮಿದುಳಿನ ರಕ್ತನಾಳಕ್ಕೆ ಆಘಾತವಾಗಿ ಜೋನಿಯವರು ಮಾತು, ನಡಿಗೆ ಎರಡನ್ನೂ ಹೊಸದಾಗಿ ಕಲಿಯಬೇಕಾಯಿತು. ಗಿಟಾರೂ ಮರೆತುಹೋಗಿತ್ತು. ತಮ್ಮದೇ ಹಳೆಯ ವಿಡಿಯೊಗಳನ್ನು ಹಾಕಿಕೊಂಡು, ಬೆರಳು ಎಲ್ಲಿಡುತ್ತಿದ್ದೆ ಎಂದು ನೋಡಿ ನೋಡಿ ಕಲಿತೆ ಎಂದು ಅವರೇ ಹೇಳಿದ್ದಾರೆ. ನೀವು ಹೋಲಿಕೆಗಾಗಿ ನೋಡಿದಂಥ ವಿಡಿಯೊಗಳೇ ಅವರಿಗೆ ಪಾಠವಾದವು. 2022ರ ಜುಲೈಯಲ್ಲಿ, ಬ್ರ್ಯಾಂಡಿ ಕಾರ್ಲೈಲ್ ಮತ್ತಿತರ ಕಿರಿಯ ಗಾಯಕರು ಸುತ್ತ ಕುಳಿತಿದ್ದಾಗ, ಅವರು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯಲ್ಲಿ ಎದ್ದುನಿಂತು ಗಿಟಾರ್ ನುಡಿಸಿದರು. 1969ರ ನಂತರ ಆ ಉತ್ಸವದಲ್ಲಿ ಅವರು ಕಾಣಿಸಿಕೊಂಡದ್ದು ಅದೇ ಮೊದಲು. 'ಬೋತ್ ಸೈಡ್ಸ್ ನೌ' ಹಾಡುವಾಗ ಹಿಂದೆ ಕುಳಿತಿದ್ದ ಗಾಯಕಿ ವೈನೋನಾ ಜಡ್ ಅಳು ತಡೆಯಲಾರದೆ ಹೋದರು. ಸ್ವತಃ ಹಾಡುವವರ ಅಳುವನ್ನು ನಾನು ಕನಿಕರವೆಂದು ನಂಬಲಾರೆ. ಆ ಕಾರ್ಯಕ್ರಮದ ಧ್ವನಿಮುದ್ರಣಕ್ಕೇ 2024ರಲ್ಲಿ ಜಾನಪದ ವಿಭಾಗದ ಗ್ರ್ಯಾಮಿ ಬಂದದ್ದು. ನಿಮ್ಮ ಮಗ ಕಳುಹಿಸಿದ ಗಾಯನ ಆ ಸಮಾರಂಭದ್ದೇ.

ಮಾನ್ಯರೇ, ಎರಡು ತುದಿಗಳನ್ನು ಮಾತ್ರ ಕೇಳಿ ತೀರ್ಪು ಕೊಟ್ಟಿದ್ದೀರಿ. ನಡುವಿನ ಅರ್ಧ ಶತಮಾನ ನಿಮ್ಮ ಕಿವಿಗೆ ಬಿದ್ದೇ ಇಲ್ಲ. ಮಗನಿಗೆ ಹೇಳಿ 'ಹೆಜಿರಾ'ವನ್ನೂ 2000ದ ಆ ಧ್ವನಿಮುದ್ರಣವನ್ನೂ ತರಿಸಿಕೊಳ್ಳಿ, ಬಿಡುವಾಗಿ ಕೇಳಿ, ನಂತರ ಗ್ರ್ಯಾಮಿಯ ಗಾಯನವನ್ನು ಮತ್ತೊಮ್ಮೆ ನೋಡಿ. ಆಮೇಲೂ ನಿಮ್ಮ ಅಭಿಪ್ರಾಯ ಇದೇ ಆಗಿದ್ದರೆ ದಯವಿಟ್ಟು ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇನೆ.